ನೆಲಮಾಳಿಗೆಯ ಕಿಟಕಿ

ಅಕ್ಟೋಬರ್ ೧೯

ರಕ್ತದೊತ್ತಡ ನೋಡುವ ನರ್ಸಮ್ಮ ಹೇಳಿದ್ದಕ್ಕೆ ಈ ಪುಸ್ತಕ. "ಸಿಟ್ಟು ಬಂದಾಗ ಕಿರುಚಬೇಡ ಕೊರಿನ್, ಬರಿ" ಎಂದಳು. ನನ್ನ ಸಿಟ್ಟಿಗೆ ಇನ್ನೂರು ಹಾಳೆ ಸಾಲುತ್ತದೆಯೇ ಎಂದು ಕೇಳಿದೆ. "ಮೊದಲು ಒಂದು ಕೊಂಡು ನೋಡು" ಎಂದಳು.

ಸರಿ, ಮೊದಲ ಹಾಳೆ ಮಾವನಿಗೆ. ನೆಸ್ಟರ್ ಹ್ರೀಶ್ಕೊ, ವಯಸ್ಸು ಎಂಬತ್ತೊಂದು. ನಲವತ್ತು ವರ್ಷ ಈ ಊರಿನ ಮನೆಮನೆಗೂ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಕೂರಿಸಿದವರು, ಈಗ ನನ್ನ ನೆಲಮಾಳಿಗೆಯಲ್ಲಿ ಕೂತವರು. ಅವರ ಮಗ ಟೆರಿ ಮೂರು ವರ್ಷದ ಹಿಂದೆ ಹಲ್ಲಿನ ಡಾಕ್ಟರ ಸಹಾಯಕಿಯೊಬ್ಬಳ ಜೊತೆ ಬೆಟ್ಟ ದಾಟಿ ಕೆಲೋನಾಕ್ಕೆ ಹೋದ. ಹೋಗುವಾಗ ದೋಣಿ ಒಯ್ದ, ಅಪ್ಪನನ್ನು ಬಿಟ್ಟ. ಮಾವ ಮರುವಾರವೇ ಮನೆಯನ್ನು ನನ್ನ ಹೆಸರಿಗೆ ಬರೆದು, "ಮನೆ ನಿಂದು, ನೆಲಮಾಳಿಗೆ ನಂದು" ಎಂದರು. ಗಂಡನ ಜೊತೆ ಗಂಟು ಬಿಚ್ಚಿತು, ಮಾವನ ಜೊತೆ ನಂಟು ಹೆಚ್ಚಿತು.

ಇವತ್ತಿನ ಜಗಳದ ಕಾರಣ ಹೊಸ ಫರ್ನೇಸ್. ಕೂರಿಸಿದವನು ನನ್ನ ತಮ್ಮ ಡ್ವೇನ್. ಅವನು ಕೆಲಸ ಕಲಿತದ್ದು ಮಾವನ ಕೈಕೆಳಗೇ. ಹಳೆ ಫರ್ನೇಸಿನ ಹೊಗೆ ಇಟ್ಟಿಗೆಯ ಚಿಮಣಿಯಲ್ಲಿ ಹೋಗುತ್ತಿತ್ತು. ಹೊಸದಕ್ಕೆ ಚಿಮಣಿ ಬೇಡ. ಗೋಡೆ ಕೊರೆದು ಎರಡು ಬಿಳಿ ಪೈಪು ಹೊರಗೆ ಹಾಕಿದರೆ ಮುಗಿಯಿತು, ಒಂದು ಉಸಿರು ಎಳೆದುಕೊಳ್ಳಲು, ಇನ್ನೊಂದು ಬಿಡಲು. ಎಲ್ಲ ಮುಗಿದು ಡ್ವೇನ್ ಕೈ ಒರೆಸಿಕೊಳ್ಳುವಾಗ ಮಾವ ಮೂಲೆಯಲ್ಲಿದ್ದ ಗ್ಯಾಸಿನ ಬಿಸಿನೀರ ಹಂಡೆಯನ್ನು ತೋರಿಸಿದರು.

"ಇದೊಂದನ್ನೇ ಆ ದೊಡ್ಡ ಚಿಮಣೀಲಿ ಒಂಟಿ ಬಿಟ್ಟೆಯಲ್ಲೋ. ಫರ್ನೇಸಿನ ಬಿಸಿ ಇಲ್ದೆ ಚಿಮಣಿ ತಣ್ಣಗಾಗತ್ತೆ. ಹಂಡೆ ಹೊಗೆ ಮೇಲೆ ಏರಲ್ಲ, ವಾಪಸ್ ಮನೆಗೆ ಇಳಿಯತ್ತೆ. ಒಳಗೊಂದು ಸಣ್ಣ ಕೊಳವೆ ಇಳಿಸು."

"ಬೇಸಿಗೇಲಿ ನೋಡೋಣ ಬಿಡಿ. ಕಾಲ ಬದಲಾಗಿದೆ."

"ಕಾಲ ಬದಲಾಗಿರಬಹುದು. ಹೊಗೆ ಬದಲಾಗಿಲ್ಲ."

ಇದನ್ನೇ ಊಟದಲ್ಲಿ ಮೂರು ಸಲ ಹೇಳಿದರು. ಸೂಪಿನ ಜೊತೆ ಒಮ್ಮೆ, ಬ್ರೆಡ್ಡಿನ ಜೊತೆ ಒಮ್ಮೆ, ಬರೀ ಬಾಯಲ್ಲಿ ಒಮ್ಮೆ. ನನಗೆ ರೇಗಿತು. "ಮಾವ, ಇನ್ಮೇಲೆ ಈ ಮನೇಲಿ ಒಂದು ಕಾನೂನು. ಒಂದು ಮಾತು ಒಂದು ಸಲ. ಎರಡನೇ ಸಲ ಹೇಳಿದ್ರೆ ಅದು ಗೊಣಗಾಟ" ಎಂದೆ. ಡ್ವೇನ್ ನಕ್ಕ. ಮಾವ ತಟ್ಟೆಯನ್ನು ಬ್ರೆಡ್ಡಿನ ಚೂರಿನಿಂದ ಒರೆಸಿದರು. "ಸರಿ" ಎಂದು ಕೆಳಗೆ ಇಳಿದು ಹೋದರು.

ಗೆದ್ದೆ.

ನವೆಂಬರ್ ೮. ಸೊನ್ನೆಗಿಂತ ಹದಿನಾಲ್ಕು ಕೆಳಗೆ.

ನೆಲಮಾಳಿಗೆಯ ಕಿಟಕಿ ತೆರೆದಿತ್ತು. ಹೊರಗೆ ಹಿಮ, ಒಳಗೆ ಫರ್ನೇಸ್, ನಡುವೆ ಮುದುಕ. ಯಾಕೆ ಎಂದು ಕೇಳಿದರೆ "ಗಾಳಿಗೆ" ಎಂದರು. ಮುಚ್ಚಿದೆ. ಮಧ್ಯಾಹ್ನ ಶಾಲೆಯ ಮಕ್ಕಳನ್ನು ಅವರವರ ಮನೆಗೆ ಬಿಟ್ಟು, ನಾನು ಓಡಿಸುವ ಶಾಲೆಬಸ್ಸು ನಿಲ್ಲಿಸಿ ಬಂದು ನೋಡಿದರೆ ಮತ್ತೆ ತೆರೆದಿದೆ.

ನಾನು ಮುಚ್ಚೋದು, ಅವರು ಬಿಚ್ಚೋದು. ದಿನಾ ಇಬ್ಬರ ಹುಚ್ಚು ಹೆಚ್ಚೋದು.

ನವೆಂಬರ್ ೨೧

ಕಳ್ಳ ಸಿಕ್ಕಿಬಿದ್ದ. ಹಂಡೆಯ ಬುಡದಲ್ಲಿ ಸುಟ್ಟ ಬೆಂಕಿಕಡ್ಡಿಗಳು, ಎಣಿಸಿದೆ, ಮೂವತ್ತಮೂರು. ಶ್ವಾಸಕೋಶದ ಡಾಕ್ಟರ ಮುಂದೆ ಎದೆ ಮುಟ್ಟಿಕೊಂಡು ಸಿಗರೇಟು ಬಿಟ್ಟೆ ಎಂದು ಆಣೆ ಮಾಡಿದ್ದ ಮನುಷ್ಯ! ಕಿಟಕಿಯ ಗುಟ್ಟು ಈಗ ಗೊತ್ತಾಯಿತು. ಹೊಗೆ ಹೊರಗೆ ಬಿಡಲು.

ಕಡ್ಡಿಗಳನ್ನು ಕಾಫಿ ಬಟ್ಟಲಿನ ಪಕ್ಕ ಸಾಲಾಗಿ ಇಟ್ಟೆ. "ಏನಿದು ಮಾವ?"

"ಕಡ್ಡಿ."

"ಕಡ್ಡಿ ಅಂತ ನಂಗೂ ಕಾಣತ್ತೆ. ಯಾತಕ್ಕೆ?"

"ನಿಂಗೇನನ್ಸತ್ತೆ?"

"ಸಿಗರೇಟು ಅನ್ಸತ್ತೆ."

"ಹಾಗಾದ್ರೆ ಹಾಗೇ ಇಟ್ಕೋ" ಎಂದು ಕಡ್ಡಿಗಳನ್ನು ಜೇಬಿಗೆ ಹಾಕಿಕೊಂಡು ಎದ್ದರು. ಎಂಥ ಸೊಕ್ಕು! ಅಲ್ಲ, ಸಿಕ್ಕಿಬಿದ್ದವರೂ ತಲೆ ಎತ್ತಿ ನಡೆಯುತ್ತಾರೆಯೇ?

ಚಿಮಣಿಯ ಇಟ್ಟಿಗೆಯ ಮೇಲೂ ಸೀಸದ ಕಡ್ಡಿಯಲ್ಲಿ ಏನೇನೋ ಗೀಚಿದ್ದಾರೆ. ಎಷ್ಟು ಸೇದಿದೆ ಎಂಬ ಲೆಕ್ಕವಿರಬೇಕು.

ನವೆಂಬರ್ ೩೦. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.

ರಾತ್ರಿಯೆಲ್ಲ ಹಿಮಗಾಳಿ. ಬೆಳಿಗ್ಗೆ ಬಸ್ಸಿಗೆ ಹೊರಟರೆ ಮಾವ ಅಂಗಳದಲ್ಲಿ ಮೊಣಕಾಲೂರಿ ಗೋಡೆಯ ಬಿಳಿ ಪೈಪುಗಳ ಸುತ್ತ ಕೈಯಿಂದ ಹಿಮ ತೋಡುತ್ತಿದ್ದಾರೆ. ಸೊಂಟದ ಮೂಳೆ ಬದಲಿಸಿ ಎಂಟು ತಿಂಗಳಾಗಿಲ್ಲ. ಎದುರು ಮನೆಯ ಐಲೀನ್ ಪರದೆ ಸರಿಸಿ ನೋಡುತ್ತಿದ್ದಳು. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ: ಸೊಸೆ ಮುದುಕನ ಕೈಲಿ ಹಿಮ ತೋಡಿಸುತ್ತಾಳೆ.

"ಒಳಗೆ ನಡೀರಿ!" ಎಂದು ಕೂಗಿದೆ.

"ಪೈಪು ಮುಚ್ಚಿದ್ರೆ ಫರ್ನೇಸಿನ ಉಸಿರು ಕಟ್ಟತ್ತೆ."

"ನನ್ನ ಉಸಿರು ಈಗ್ಲೇ ಕಟ್ಟಿದೆ, ಅದನ್ನ ನೋಡೋರು ಯಾರು?"

ಈ ಕೂಗಾಟದಲ್ಲಿ ಒಂದೂವರೆ ನಿಮಿಷ ಹೋಯಿತು. ದಾರಿಯಲ್ಲಿ ಸರಿದೂಗಿಸಿದೆ. ಹತ್ತೊಂಬತ್ತು ವರ್ಷದಲ್ಲಿ ಈ ಬಸ್ಸು ಒಂದು ದಿನ ಒಂದು ನಿಲ್ದಾಣಕ್ಕೆ ತಡವಾಗಿಲ್ಲ. ಮಾವ ನನ್ನನ್ನು "ಗಡಿಯಾರ ನುಂಗಿದೋಳು" ಎನ್ನುತ್ತಾರೆ. ನುಂಗಿದ್ದೇನೆ, ಜೀರ್ಣವೂ ಆಗಿದೆ.

ಡಿಸೆಂಬರ್ ೯

ಎಲ್ಲ ಕಿಟಕಿಗಳಿಗೂ ಚಳಿಗಾಲದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟು, ಡೋಲಿನ ಚರ್ಮದ ಹಾಗೆ ಬಿಗಿ ಮಾಡಿದೆ. ಬಾಗಿಲ ಸಂದಿಗೆ ಹೊಸ ರಬ್ಬರ್ ಪಟ್ಟಿ. ಇಡೀ ಮನೆ ಉಪ್ಪಿನಕಾಯಿ ಭರಣಿಯ ಹಾಗೆ ಗಟ್ಟಿ. ಕೆಳಗಿನ ಕಿಟಕಿಗೆ ಎರಡು ಹಾಳೆ.

ಸಂಜೆ ನೋಡಿದರೆ ಕೆಳಗಿನ ಎರಡೂ ಹಾಳೆಯನ್ನು ಚಾಕುವಿನಿಂದ ನೇರವಾಗಿ, ನಾಲ್ಕೂ ಅಂಚಿಗೆ, ಕುಶಲಕರ್ಮಿಯ ಹಾಗೆ ಕೊಯ್ದಿದ್ದಾರೆ.

ಮತ್ತೆ ಅಂಟಿಸಿದೆ. ಮತ್ತೆ ಕೊಯ್ದರು. ಮಾತಿಲ್ಲ, ಕತೆಯಿಲ್ಲ. ಕಾನೂನು ಮಾಡಿದ್ದು ನಾನೇ, ಆದರೂ ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಮನುಷ್ಯನನ್ನು ಕಂಡರೆ ಮೈ ಉರಿಯುತ್ತದೆ.

ಡಿಸೆಂಬರ್ ೨೧

ಶಾಲೆಗೆ ರಜೆ, ನನಗೆ ಸಜೆ. ಬಸ್ಸಿನಲ್ಲಿ ನಲವತ್ತು ಮಕ್ಕಳು ಅರಚಿದರೂ ಬರದ ತಲೆನೋವು ಮನೆಯಲ್ಲಿ ಒಬ್ಬ ಮುದುಕ ಸುಮ್ಮನಿದ್ದರೆ ಬರುತ್ತದೆ. ಹಣೆಗೆ ಬಟ್ಟೆ ಕಟ್ಟಿ ಮಲಗಿದೆ. ಅಂಗಡಿಗೆ ಹೋಗಿ ಬಂದೆ, ವಾಸಿಯಾಯಿತು. ಮನೆಗೆ ಬಂದೆ, ಮರಳಿತು. ಇದಕ್ಕಿಂತ ಸಾಕ್ಷಿ ಬೇಕೇ, ಕಾಯಿಲೆಯ ಹೆಸರು ನೆಸ್ಟರ್ ಎಂಬುದಕ್ಕೆ?

ಡಿಸೆಂಬರ್ ೨೩

ಮೀನು ಕರಿಯುತ್ತಿದ್ದೆ, ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನು ಜೋರಾಗಿತ್ತು. ಮಹಡಿಯ ಗೋಡೆಗೆ ಹಾಕಿದ್ದ, ಗಾಳಿ ಕೆಟ್ಟರೆ ಕೂಗುವ ಅಲಾರಂ ಕಿವಿ ಹರಿಯುವ ಹಾಗೆ ಅರಚಿತು. ಮಾವ ಆಗಷ್ಟೇ ಹೊರಗೆ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ ನೋಡಲು ಹೋಗಿದ್ದರು. ಹೋಗುವ ಮುನ್ನ ಕೆಳಗೆ ಒಂದು ಎಳೆದಿದ್ದಾರೆ, ಅದರ ಹೊಗೆ! ಅಲಾರಂ ಕಿತ್ತು, ಬ್ಯಾಟರಿ ತೆಗೆದು, ಕಾಲುಚೀಲದ ಡ್ರಾಯರಿಗೆ ಹಾಕಿದೆ. ಅವರು ಸೇದುವುದು ಬಿಟ್ಟ ದಿನ ಅದು ಗೋಡೆಗೆ ಮರಳುತ್ತದೆ.

ತಲೆ ಸಿಡಿಯುತ್ತಿದೆ. ಅಲಾರಂಗೆ ಪ್ರಾಸ ಹುಡುಕಿದೆ. ಹೊಳೆಯಲಿಲ್ಲ. ಬಸ್ಸಿನ ಮಕ್ಕಳಿಗೆ ದಿನಾ ಪ್ರಾಸ ಕಟ್ಟುವ ನನಗೆ!

ಡಿಸೆಂಬರ್ ೨೭

ಮುಗಿಯಿತು. ಕೆಳಗಿನ ಕಿಟಕಿಯ ಚೌಕಟ್ಟಿಗೆ ಆರು ಸ್ಕ್ರೂ ಹೊಡೆದೆ. ಕೊನೆಯ ಸ್ಕ್ರೂ ತಿರುಗಿಸುವಾಗ ಮಾವ ಮಂಚದ ಮೇಲೆ ಕೂತು ನೋಡುತ್ತಿದ್ದರು.

"ಕೊರಿನ್, ಬೇಡ."

"ಒಂದು ಸಲ ಹೇಳಿದ್ರಿ. ಕೇಳಿಸ್ತು."

ಮೇಲೆ ಬಂದು, ಮಾವನನ್ನು ವೃದ್ಧರ ಆರೈಕೆ ಮನೆಗೆ ಸೇರಿಸುವ ಅರ್ಜಿಗೆ ಸಹಿ ಹಾಕಿದೆ. ಎರಡು ತಿಂಗಳಿಂದ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಒಂದು ಕೋಣೆ ಖಾಲಿ ಇದೆಯಂತೆ. ಕೆಲೋನಾದಿಂದ ಟೆರಿ ಫೋನಿನಲ್ಲಿ, "ನಿಂಗೆ ಸರಿ ಅನ್ಸಿದ್ದು ಮಾಡು" ಎಂದ. ಅವನಿಗೆ ಸರಿ ಅನ್ನಿಸಿದ್ದನ್ನು ಅವನು ಆಗಲೇ ಮಾಡಿ ಆಗಿದೆ.

ಜನವರಿ ೨. ಸೊನ್ನೆಗಿಂತ ಇಪ್ಪತ್ತೊಂಬತ್ತು ಕೆಳಗೆ.

ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಒಂದು ಪೆಟ್ಟಿಗೆ, ಒಂದು ರೇಡಿಯೋ, ಅತ್ತೆಯ ಫೋಟೋ. ಅಲ್ಲಿನ ಹುಡುಗಿ ಮರಿಸೆಲ್ ನಗುನಗುತ್ತಾ ಪೆಟ್ಟಿಗೆ ಬಿಚ್ಚಿ, ಬೆಂಕಿಪೊಟ್ಟಣ ತೆಗೆದಿಟ್ಟಳು. "ಇದು ಇಲ್ಲಿ ನಡಿಯಲ್ಲ ತಾತ."

ಮಾವ ನನ್ನ ಕಡೆ ತಿರುಗಿದರು. "ನಾನಿಲ್ದೆ ಅಲ್ಲಿ ಕಡ್ಡಿ ಗೀರೋರು ಯಾರು?"

"ಯಾರೂ ಗೀರಲ್ಲ. ಮನೆ ಇನ್ನಾದ್ರೂ ಶುದ್ಧ ಗಾಳಿ ಕುಡೀಲಿ" ಎಂದೆ.

ಕೋಣೆಯ ಕಿಟಕಿಯ ಬಳಿ ಹೋಗಿ ಎತ್ತಿ ನೋಡಿದರು. ನಾಲ್ಕು ಬೆರಳಷ್ಟು ತೆರೆಯಿತು. ತಲೆಯಾಡಿಸಿದರು.

ಮನೆ ಖಾಲಿ. ಹಾಯಾಗಿದೆ. ಹಾಯಾಗಿದೆ ಎಂದು ಎರಡು ಸಲ ಬರೆದೆ, ಗೊಣಗಾಟವಾಯಿತು.

ಜನವರಿ ೪

ನಿನ್ನೆ ಬೆಳಿಗ್ಗೆ ಏಳಕ್ಕೆ ಮಾವನ ಫೋನು. ನಮಸ್ಕಾರವಿಲ್ಲ. "ಕಿಟಕಿ?" ಎಂದರು. "ಮುಚ್ಚಿದೆ" ಎಂದೆ. ಇಟ್ಟರು.

ಇವತ್ತೂ ಏಳಕ್ಕೇ ಫೋನು, ಆದರೆ ಇಡಲಿಲ್ಲ. "ಕೊರಿನ್, ಚಿಮಣಿಗೆ ಕೊಳವೆ ಇಳಿಸು ಅಂತ ನಿನ್ನ ತಮ್ಮಂಗೆ ಹೇಳು" ಎಂದರು. ಅಕ್ಟೋಬರ್ ಆದ ಮೇಲೆ ಮೊದಲ ಸಲ ಆ ಮಾತು. ದನಿ ನಡುಗುತ್ತಿತ್ತು. ಸಿಗರೇಟಿಲ್ಲದ ನಡುಕ.

"ಮಾವ, ಒಂದು ಮಾತು ಒಂದು ಸಲ" ಎಂದು ನಾನೇ ಫೋನಿಟ್ಟೆ.

ಬೆಳಿಗ್ಗೆ ಎದ್ದಾಗಲೇ ವಾಂತಿ ಬಂದ ಹಾಗೆ. ಕಿಟಕಿಗಳ ಒಳಗಡೆ ನೀರು ಇಳಿಯುತ್ತಿದೆ, ಮನೆ ಅಳುತ್ತಿದೆಯೋ ಎಂಬಂತೆ. ಪಾತ್ರೆ ಜಾಸ್ತಿ ತೊಳೆದೆನೇನೋ. ಬಿಸಿನೀರು ಸುರಿದದ್ದೇ ಸುರಿದದ್ದು.

ಸಿಟ್ಟಿದೆ, ಆದರೂ ಆರನೇ ತಾರೀಕು ನಮ್ಮ ಹಳೆ ಪಂಚಾಂಗದ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ. ಹನ್ನೆರಡು ಬಗೆಯ ಅಡುಗೆ, ಮಾಂಸವಿಲ್ಲ. ಮೊದಲ ನಕ್ಷತ್ರ ಕಂಡ ಮೇಲೆ ಊಟ. ಮುದುಕನನ್ನು ಅವತ್ತೂ ಅಲ್ಲಿ ಕೂರಿಸಿದರೆ ಸತ್ತ ಅತ್ತೆ ಬಂದು ನನ್ನ ಜುಟ್ಟು ಹಿಡಿಯುತ್ತಾಳೆ. ಸರಿಯಾಗಿ ನಾಲ್ಕಕ್ಕೆ ಬರುತ್ತೇನೆ, ಕೋಟು ಹಾಕಿ ಕೂತಿರಲಿ ಎಂದು ಮರಿಸೆಲ್‌ಗೆ ಹೇಳಿದೆ.

ಜನವರಿ ೬. ಸೊನ್ನೆಗಿಂತ ಮೂವತ್ತೊಂದು ಕೆಳಗೆ.

ಐದಕ್ಕೇ ಎದ್ದೆ. ಬೀಟ್ರೂಟ್ ಸೂಪು ಆಯಿತು. ಗೋಧಿ ಬೆಂದಿತು, ಜೇನು ಬೆರೆಸಬೇಕು. ಫ್ಯಾನು ಹಾಕಿದೆ. ಮೇಜಿನ ಬಟ್ಟೆಗಳು ಒಣಗುವ ಯಂತ್ರದಲ್ಲಿ.

ಎಲೆಕೋಸಿನ ಸುರುಳಿ ನಲವತ್ತು. ಮೂವತ್ತು? ಎರಡು ಸಲ ಎಣಿಸಿದೆ, ಎರಡು ಉತ್ತರ.

ತಲೆ. ಕೂತು ಬರೆಯುತ್ತಿದ್ದೇನೆ, ನಿಂತರೆ ಅಡುಗೆಮನೆ ಬಸ್ಸಿನ ಹಾಗೆ ತಿರುಗುತ್ತದೆ.

ಕೋಸಿಗೆ ಪ್ರಾಸ. ಮಾಸು. ಬೇಸು. ಎಲ್ಲ ಅವರಿಂದಲೇ. ಅವರು ಇಲ್ಲ. ಇಲ್ಲದೆಯೂ

ನಾಲ್ಕಕ್ಕೆ. ನಾಲ್ಕಕ್ಕೆ ಹೋಗಬೇ

ಜನವರಿ ೧೦. ರೆಜೈನಾ, ಆಸ್ಪತ್ರೆ.

ಬದುಕಿದ್ದೇನೆ. ಅದರ ಬಗ್ಗೆ ಸಿಟ್ಟಿಲ್ಲ. ಉಳಿದ ಎಲ್ಲದರ ಬಗ್ಗೆ ಇದೆ.

ನಡೆದದ್ದನ್ನು ಹೇಳಿದವಳು ಮರಿಸೆಲ್, ಫೋನಿನಲ್ಲಿ, ಅಳುತ್ತಾ ನಗುತ್ತಾ. ಮಾವ ಎರಡು ಗಂಟೆಯಿಂದ ಕೋಟು, ಟೋಪಿ, ಬೂಟು ಹಾಕಿಕೊಂಡು ಬಾಗಿಲ ಬಳಿ ಗೋಡೆ ಗಡಿಯಾರ ನೋಡುತ್ತಾ ಕೂತಿದ್ದರಂತೆ. ನಾಲ್ಕಾಯಿತು. ಎದ್ದು ನಿಂತರು. ನಾಲ್ಕು ಗಂಟೆ ಐದು ನಿಮಿಷವಾಯಿತು. ಮೇಜಿನ ಫೋನು ಎತ್ತಿಕೊಂಡು ಅಗ್ನಿಶಾಮಕದವರಿಗೆ ಕರೆ ಮಾಡಿದರು.

"ತಾತ, ಐದೇ ನಿಮಿಷ ತಡ ಅಲ್ವಾ, ದಾರೀಲಿ ಹಿಮ ಇರತ್ತೆ" ಎಂದು ಅವಳು ಕೈ ಹಿಡಿದರೆ,

"ಅವಳು ಐದು ನಿಮಿಷ ತಡ ಆಗಿದ್ದಾಳೆ ಅಂದ್ರೆ ಬಿದ್ದಿದ್ದಾಳೆ ಅಂತ ಅರ್ಥ. ಕೈ ಬಿಡು!" ಎಂದು ಗುಡುಗಿದರಂತೆ.

ನಮ್ಮೂರಿನ ಅಗ್ನಿಶಾಮಕದಳ ಎಂದರೆ ಸಂಬಳವಿಲ್ಲದ ಹನ್ನೊಂದು ಗಂಡಸರು. ಅದರಲ್ಲಿ ಒಬ್ಬ ಡ್ವೇನ್. ಮೊದಲು ಒಳಗೆ ನುಗ್ಗಿದವನೂ ಅವನೇ. ನಾನು ಒಲೆಯ ಮುಂದೆ ಬಿದ್ದಿದ್ದೆ. ಹೊತ್ತು ಹಿಮದ ಮೇಲೆ ಮಲಗಿಸಿ, ಮತ್ತೆ ಒಳಗೆ ಹೋಗಿ, ನೆಲಮಾಳಿಗೆಯ ಕಿಟಕಿ ತೆರೆಯಲು ನೋಡಿದ. ಆರು ಸ್ಕ್ರೂ. ಕೊಡಲಿಯಿಂದ ಒಡೆದ.

ಹೊಗೆಯಲ್ಲ, ವಾಸನೆಯಲ್ಲ. ಕಾರ್ಬನ್ ಮಾನಾಕ್ಸೈಡ್. ಹಂಡೆ ಉರಿದದ್ದೆಲ್ಲ ತಣ್ಣನೆಯ ಚಿಮಣಿ ಹತ್ತಲಾರದೆ ವಾಪಸ್ ಇಳಿದಿದೆ. ನನ್ನ ಫ್ಯಾನು, ಬಟ್ಟೆ ಒಣಗಿಸುವ ಯಂತ್ರ ಎರಡೂ ಮನೆಯ ಗಾಳಿಯನ್ನು ಹೊರಗೆ ದಬ್ಬಿವೆ. ಭರಣಿಯ ಹಾಗೆ ಮುಚ್ಚಿದ ಮನೆಗೆ ಉಸಿರೆಳೆಯಲು ಉಳಿದಿದ್ದ ಒಂದೇ ತೂತು ಆ ಚಿಮಣಿ. ಅದರಿಂದಲೇ ಮನೆ ವಿಷವನ್ನು ಒಳಗೆ ಎಳೆದುಕೊಂಡಿದೆ. ಹೊಸ ಫರ್ನೇಸು ಅದನ್ನು ಕೋಣೆಕೋಣೆಗೂ ಬೆಚ್ಚಗೆ ಹಂಚಿದೆ.

ದಳದ ಮುಖ್ಯಸ್ಥ ಕಾಲುಚೀಲದ ಡ್ರಾಯರಿನಿಂದ ಅಲಾರಂ ತೆಗೆದು ತೋರಿಸಿ ಹೇಳಿದನಂತೆ: "ಇದು ಸಿಗರೇಟಿನ ಹೊಗೆಗೆ ಕೂಗೋ ಅಲಾರಂ ಅಲ್ಲ. ಈ ವಿಷಗಾಳಿಗೆ ಕೂಗೋದು."

ಕಾಲುಚೀಲಗಳನ್ನೂ ನೋಡಿದ್ದಾನೆ. ಹರಿದವು.

ಜನವರಿ ೧೧

ಡ್ವೇನ್ ಬಂದಿದ್ದ. ಟೋಪಿ ಹಿಂಡುತ್ತಾ ನಿಂತ. "ಅಕ್ಕಾ, ಬೇಸಿಗೇಲಿ ಹಾಕ್ತಿದ್ದೆ ಕಣೆ..."

"ಬೇಸಿಗೇಲಿ ನನ್ನ ಸಮಾಧಿ ಮೇಲೆ ಹೂ ಹಾಕ್ತಿದ್ದೆ."

ಅತ್ತ. ಎತ್ತಿಕೊಂಡು ಹೊರಗೆ ತಂದವನೂ ಇವನೇ, ಒಳಗೆ ಕೊಲ್ಲಲಿದ್ದವನೂ ಇವನೇ. ಸಿಟ್ಟನ್ನು ಎಲ್ಲಿಂದ ಶುರು ಮಾಡುವುದು? ಹಣ್ಣು ತಂದಿದ್ದ. ತಿಂದೆ. ಸಿಟ್ಟಿನಲ್ಲೇ ತಿಂದೆ.

ಜನವರಿ ೧೫

ಡ್ವೇನ್ ಮನೆಯ ಸೋಫಾ ಮೇಲೆ ವಾಸ. ನಮ್ಮ ಮನೆಯ ಗ್ಯಾಸ್ ಪೈಪಿಗೆ ಗ್ಯಾಸಿನವರು ಬೀಗ ಜಡಿದು, ಹಂಡೆಗೆ ಉರಿಸಬಾರದೆಂಬ ಕೆಂಪು ಚೀಟಿ ಕಟ್ಟಿದ್ದಾರೆ. ಬಟ್ಟೆ ತರಲು ಹೋದೆ. ಟಾರ್ಚು ಹಿಡಿದು ಕೆಳಗೆ ಇಳಿದೆ.

ಹಂಡೆಯ ನೆತ್ತಿಯ ಮೇಲಿನ ಪ್ಲಾಸ್ಟಿಕ್ ಬಳೆ ವಾಪಸ್ ಇಳಿದ ಹೊಗೆಯ ಬಿಸಿಗೆ ಕರಗಿ ಮೇಣದ ಹಾಗೆ ಇಳಿದಿದೆ. ಅದರ ಪಕ್ಕ ಚಿಮಣಿ, ಚಿಮಣಿಯ ಇಟ್ಟಿಗೆಯ ಮೇಲೆ ಮಾವನ ಗೀಚು. ಈ ಸಲ ಓದಿದೆ.

ತಾರೀಕು, ಪಕ್ಕದಲ್ಲಿ ಒಂದು ಬಾಣ. ಕೆಲವು ಬಾಣ ಮೇಲಕ್ಕೆ, ಕೆಲವು ಕೆಳಕ್ಕೆ. ಅಕ್ಟೋಬರ್ ಇಪ್ಪತ್ತರಿಂದ ಜನವರಿ ಎರಡರವರೆಗೆ ಒಂದು ದಿನವೂ ಬಿಟ್ಟಿಲ್ಲ. ನಲವತ್ತು ವರ್ಷ ಎಲ್ಲರ ಮನೆಯ ಚಿಮಣಿಯ ಮೇಲೂ ಇವರು ಹೀಗೆ ಬರೆದಿದ್ದಾರೆ, ಡ್ವೇನ್ ಕೂಡ ಬರೆಯುತ್ತಾನೆ. ಹಂಡೆಯ ಕುತ್ತಿಗೆಯ ಬಳಿ ಕಡ್ಡಿ ಗೀರಿ ಹಿಡಿಯುವುದು. ಜ್ವಾಲೆ ಒಳಕ್ಕೆ ಬಾಗಿದರೆ ಹೊಗೆ ಮೇಲೆ ಹೋಗುತ್ತಿದೆ. ಹೊರಕ್ಕೆ ಬಾಗಿದರೆ ಮನೆಗೆ ಬರುತ್ತಿದೆ. ಮೂವತ್ತಮೂರು ಕಡ್ಡಿ. ಒಂದೂ ಸಿಗರೇಟಿನದಲ್ಲ.

ಕೆಳಬಾಣದ ಕೆಲವು ದಿನಗಳ ಪಕ್ಕ ಇನ್ನೊಂದು ಅಕ್ಷರವಿತ್ತು: 'ಕಿ'. ಕಿಟಕಿ ತೆರೆದ ದಿನ. ಅದರ ಮುಂದೆ ಮತ್ತೆ ಮೇಲ್ಬಾಣ.

ಕಾರಿನಿಂದ ಈ ಪುಸ್ತಕ ತಂದು ಪಕ್ಕದಲ್ಲಿ ಹಿಡಿದೆ. ಡಿಸೆಂಬರ್ ೨೧, ಕೆಳಗೆ. ಡಿಸೆಂಬರ್ ೨೩, ಕೆಳಗೆ. ೨೭ರ ನಂತರ ಕೆಳಗೆ, ಕೆಳಗೆ, ಕೆಳಗೆ, 'ಕಿ' ಇಲ್ಲ. ಒಂದೇ ಮನೆಯಲ್ಲಿ ಎರಡು ದಿನಚರಿ. ಅವರದ್ದರಲ್ಲಿ ನನ್ನ ಮೇಲೆ ಒಂದು ಬೈಗುಳವೂ ಇಲ್ಲ.

ಜನವರಿ ೧೮

ಆರೈಕೆ ಮನೆಗೆ ಹೋದೆ. ಹೋಗುತ್ತಲೇ ಕಿರುಚಿದೆ. ನರ್ಸಮ್ಮ ಕ್ಷಮಿಸಲಿ.

"ನಿಮಗೆ ಬಾಯಿರ್ಲಿಲ್ವಾ? ಗೊತ್ತಿತ್ತು! ದಿನಾ ಗೊತ್ತಿತ್ತು! ಗೋಡೆಗೆ ಹೇಳಿದ್ರಿ, ನನಗೆ ಹೇಳೋಕಾಗ್ಲಿಲ್ವಾ?"

"ಅಕ್ಟೋಬರಲ್ಲಿ ಹೇಳ್ದೆ."

"ಮತ್ತೆ ಹೇಳ್ಬೇಕಿತ್ತು!"

"ಮತ್ತೆ ಹೇಳಿದ್ರೆ ಗೊಣಗಾಟ."

"ಗೊಣಗಬೇಕಿತ್ತು! ನನ್ನ ಕಿವಿ ಹಿಂಡಬೇಕಿತ್ತು! ಅದೆಂಥಾ ಅಹಂಕಾರ ನಿಮ್ದು, ಸೊಸೆ ಸತ್ತರೂ ಸರಿ, ಮಾತು ಸೋಲಬಾರ್ದು!"

"ಹೂಂ" ಎಂದರು ಮಾವ. "ಅದು ತಪ್ಪಾಯ್ತು. ಕಿಟಕಿ ತೆಗೆದ್ರೆ ಸಾಕು ಅಂದ್ಕೊಂಡೆ. ನಾನು ಇದ್ದೇ ಇರ್ತೀನಲ್ಲ, ತೆಗೀತಾ ಇರ್ತೀನಿ ಅಂದ್ಕೊಂಡೆ."

ನಾನು ಏನೋ ಹೇಳಬೇಕಿತ್ತು. ಸಾಲಾಗಿ ಇಟ್ಟಿದ್ದ ಕಡ್ಡಿಗಳ ಬಗ್ಗೆ, ಆರು ಸ್ಕ್ರೂಗಳ ಬಗ್ಗೆ. ಬಾಯಿಗೆ ಬಂದದ್ದು ಇಷ್ಟೇ: "ಅವತ್ತಿನ ಎಲೆಕೋಸಿನ ಸುರುಳಿ ಡ್ವೇನ್ ಫ್ರೀಜರಿಗೆ ಹಾಕಿದ್ದಾನೆ. ಮೂವತ್ತೆಂಟು. ತಿನ್ನೋರಿಲ್ಲ."

"ಯಾವತ್ತು ಬರ್ತೀಯಾ ಕರ್ಕೊಂಡು ಹೋಗೋಕೆ?"

"ಚಿಮಣಿ ಸರಿಯಾದ ದಿನ. ನಾಲ್ಕಕ್ಕೆ."

ಜನವರಿ ೨೬. ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.

ಚಿಮಣಿಗೆ ಕೊಳವೆ ಇಳಿಯಿತು. ಡ್ವೇನ್ ಸೂರಿನ ಮೇಲೆ, ಮೀಸೆಯಲ್ಲಿ ಮಂಜುಗಡ್ಡೆ. ಮಾವನನ್ನು ಬೆಳಿಗ್ಗೆಯೇ ಕರೆತರಬೇಕಾಯಿತು, ಅವರಿಲ್ಲದೆ ಕೆಲಸ ಮಾಡಲಾರೆ ಎಂದು ಡ್ವೇನೇ ಹಟ ಹಿಡಿದ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಮೂರು ಕಂಬಳಿ ಹೊದ್ದು, ಕೆಳಗಿನಿಂದ ಬೈಯುತ್ತಿದ್ದರು. "ಎಳೀಬೇಡ ಕತ್ತೆ, ಇಳಿಸು! ಸಾಸೇಜಿಗೆ ಮಾಂಸ ತುರುಕಿದ ಹಾಗೆ ತುರುಕಬೇಡ!" ಹಂಡೆಯ ಕೋಣೆಗೆ ಹೊರಗಿನ ಗಾಳಿ ತರುವ ಇನ್ನೊಂದು ಪೈಪನ್ನೂ ಹಾಕಿಸಿದರು.

ಗ್ಯಾಸಿನವನು ಬಂದು ನೋಡಿ ಕೆಂಪು ಚೀಟಿ ಹರಿದ. ಹಂಡೆ ಹೊತ್ತಿಸಿದ. ಅವನ ಬಳಿ ಮೀಟರಿತ್ತು. ಮಾವನ ಬಳಿ ಬೆಂಕಿಪೊಟ್ಟಣವಿತ್ತು. ಮೀಟರು ಸರಿ ಎಂದಿತು. ಮಾವ ಒಪ್ಪಲಿಲ್ಲ.

"ಬಾಗಿಲು ಮುಚ್ಚು. ಕಿಟಕಿ ಮುಚ್ಚು. ಫ್ಯಾನ್ ಹಾಕು. ಬಟ್ಟೆ ಯಂತ್ರ ಹಾಕು. ಸ್ನಾನದ ಮನೆ ಫ್ಯಾನೂ ಹಾಕು. ಮನೆ ಎಷ್ಟು ಕೆಟ್ಟದಾಗಿ ಇರಬಹುದೋ ಅಷ್ಟು ಕೆಟ್ಟದಾಗಿ ಇರಲಿ. ಈಗ ಗೀರು" ಎಂದು ಪೊಟ್ಟಣವನ್ನು ಡ್ವೇನ್ ಕೈಗೆ ಕೊಟ್ಟರು.

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿತು. ಜ್ವಾಲೆ ಒಂದು ಕ್ಷಣ ನೆಟ್ಟಗೆ ನಿಂತು, ಆಮೇಲೆ ಮೆಲ್ಲಗೆ ಒಳಕ್ಕೆ ಬಾಗಿತು. ಯಾರೋ ಆ ಕಡೆಯಿಂದ ಉಸಿರೆಳೆದ ಹಾಗೆ.

"ಬರಿ" ಎಂದರು ಮಾವ. ಡ್ವೇನ್ ಮೇಲ್ಬಾಣ ಬರೆದ. ಮೂಗೊರೆಸಿಕೊಂಡ.

ರಾತ್ರಿ ಊಟಕ್ಕೆ ಎಲೆಕೋಸಿನ ಸುರುಳಿ. ಡ್ವೇನ್ ಹನ್ನೆರಡು ತಿಂದ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ, ದಾಖಲೆಗೆ ಇರಲಿ.

ಫೆಬ್ರವರಿ ೧೩

ನಿನ್ನೆಯೆಲ್ಲ ಹಿಮಗಾಳಿ. ಬೆಳಿಗ್ಗೆ ನಮ್ಮ ಪೈಪು ತೋಡಿದ ಮೇಲೆ ಐಲೀನ್ ಮನೆಯ ಪೈಪು ಕಂಡಿತು, ಪೂರಾ ಮುಚ್ಚಿತ್ತು. ಮೊಣಕಾಲೂರಿ ತೋಡಿದೆ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಯ್ಯೋ ನೀನಾ? ನೆಸ್ಟರ್ ಅಂದ್ಕೊಂಡೆ!" ಎಂದು ನಕ್ಕಳು.

"ನಿಮ್ಮನೆ ಅಲಾರಂ ಬ್ಯಾಟರಿ ಹಾಕಿದ್ದೀರಾ?"

"ಮೊನ್ನೆ ತಾನೆ ಕೇಳಿದ್ಯಲ್ಲೇ!"

"ಮತ್ತೆ ಕೇಳ್ತಿದ್ದೀನಿ. ಹಾಕಿದ್ದೀರಾ?"

ಮುಖ ಊದಿಸಿಕೊಂಡು ಕಿಟಕಿ ಹಾಕಿದಳು. ಎಂಥ ಜನ! ಒಳ್ಳೆಯದಕ್ಕೆ ಹೇಳಿದರೆ ಹೀಗೆ.

ಬಸ್ಸಿನ ಮಕ್ಕಳಿಗೂ ಹೊಸ ಪದ್ಯ ಕಲಿಸಿದ್ದೇನೆ: ಪೈಪಿನ ಸುತ್ತ ಹಿಮ ತೋಡು, ಅಲಾರಂಗೆ ಹೊಸ ಬ್ಯಾಟರಿ ನೀಡು, ಕೂಗಿತೆಂದರೆ ಹೊರಗೆ ಓಡು, ಆಮೇಲೆ ಅಳು, ಆಮೇಲೆ ಹಾಡು. ಎರಡನೇ ಸಾಲು ಕುಂಟುತ್ತದೆ. ಓಡುವಾಗ ಯಾರೂ ಗಮನಿಸುವುದಿಲ್ಲ.

ಮಾರ್ಚ್ ೪. ಸೊನ್ನೆಗಿಂತ ಎಂಟು ಕೆಳಗೆ.

ಇವತ್ತಿನ ಜಗಳ. ಬೆಳಿಗ್ಗೆ ಕೆಳಗೆ ಹೋಗಿ ಹೊಸ ಕಿಟಕಿ ತೆರೆದಿಟ್ಟೆ. ಮಧ್ಯಾಹ್ನ ಬಂದು ನೋಡಿದರೆ ಮುಚ್ಚಿದೆ. ತೆರೆದೆ. ಮಾವ ಕಂಬಳಿಯೊಳಗಿಂದ ಕೂಗಿದರು.

"ಮುಚ್ಚೇ! ಕೊಳವೆ ಹಾಕಿದೆ, ಗಾಳಿ ಪೈಪು ಹಾಕಿದೆ, ಇನ್ಯಾಕೆ? ಸಾಯ್ತೀನಿ ಚಳೀಲಿ!"

"ಗಾಳಿಗೆ" ಎಂದೆ.

"ಎಷ್ಟು ಸಲ ಹೇಳ್ಲಿ ನಿಂಗೆ, ಬೇಡ ಅಂತ?"

"ಹೇಳ್ತಾ ಇರಿ."

ಚಿಮಣಿಯ ಬಳಿ ಹೋಗಿ ಕಡ್ಡಿ ಗೀರಿದೆ. ಒಳಕ್ಕೆ ಬಾಗಿತು. ತಾರೀಕು, ಮೇಲ್ಬಾಣ. ಜನವರಿ ಮೂರರಿಂದ ಇಪ್ಪತ್ತೈದರವರೆಗೆ ಇಟ್ಟಿಗೆ ಖಾಲಿ, ಕಡ್ಡಿ ಗೀರುವವರು ಯಾರೂ ಇರಲಿಲ್ಲ. ಆದರೆ ಇವತ್ತು ಟಾರ್ಚು ಓರೆಯಾಗಿ ಬಿದ್ದಾಗ ಆ ಖಾಲಿಯ ನಡುವೆ ಒಂದು ಸಾಲು ಕಂಡಿತು. ಮಾವನ ಕೈಬರಹ, ಮನೆಗೆ ಮರಳಿದ ಮೇಲೆ ಬರೆದದ್ದು. ಜನವರಿ ೬. ಬಾಣವಿಲ್ಲ. ಬಾಣದ ಜಾಗದಲ್ಲಿ, ಒತ್ತಿ, ಎರಡು ಸಲ ತಿದ್ದಿ ಬರೆದ ಹಾಗೆ: ೪.೦೫.

ಮುದುಕನ ಕೊಬ್ಬು ನೋಡಿ! ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ತಡವಾಗಿದ್ದೇನೆ, ಅದನ್ನು ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ಅಳಿಸಲು ರಬ್ಬರು ಹುಡುಕಿದೆ. ಸಿಗಲಿಲ್ಲ. ಹುಡುಕಿದ್ದೂ ಅಷ್ಟಕ್ಕಷ್ಟೇ.